ಗುಡ್ಡ ನಕ್ಕ ದಿನ

ಗುಡ್ಡದ ಮೇಷ್ಟ್ರು ವರ್ಷಕ್ಕೊಮ್ಮೆ, ನಲವತ್ತು ನಿಮಿಷಗಳ ಕಾಲ, ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಉಳಿದ ದಿನಗಳಲ್ಲಿ ಅವರ ವಾಕ್ಪ್ರವಾಹಕ್ಕೆ ಅಣೆಕಟ್ಟು ಕಟ್ಟಬಲ್ಲ ಎಂಜಿನಿಯರು ಇನ್ನೂ ಹುಟ್ಟಿರಲಿಲ್ಲ. ಶಿಕ್ಷಕರ ಕೊಠಡಿಯಲ್ಲಿ ಅವರು ಜ್ವಾಲಾಮುಖಿಯ ವಿಚಾರ ತೆಗೆದರೆಂದರೆ, ಎದುರಿಗಿದ್ದವರ ಚಹಾ ಆರಿ, ಕೆನೆಗಟ್ಟಿ, ಆ ಕೆನೆಯ ಮೇಲೆ ನೊಣವೊಂದು ಸಂಸಾರ ಹೂಡಿ, ಮೊಮ್ಮಕ್ಕಳ ಮುಖ ನೋಡಿ ತೃಪ್ತಿಯಿಂದ ಕಣ್ಣು ಮುಚ್ಚುವ ಹೊತ್ತಿಗೂ ಲಾವಾ ಇನ್ನೂ ಬೆಟ್ಟದ ನಡುವಿನಲ್ಲೇ ಇರುತ್ತಿತ್ತು.

ದೇಹವೂ ಮಾತಿನಷ್ಟೇ ಉದಾರವಾದದ್ದು. ತರಗತಿಗೆ ಮೊದಲು ಹೊಟ್ಟೆ ಬರುತ್ತಿತ್ತು. ಕೊಂಚ ವಿರಾಮದ ನಂತರ ಕೋಟಿನ ಉಳಿದ ಭಾಗ. ಕಟ್ಟಕಡೆಗೆ, ಉಸಿರು ಸಿಕ್ಕಿದರೆ, ಮೇಷ್ಟ್ರು. ಪಾದಗಳನ್ನು ಹೊರಚಾಚಿ, ಬೆನ್ನನ್ನು ಹಿಂದಕ್ಕೆ ವಾಲಿಸಿ, ಕಾಣದ ತಳ್ಳುಗಾಡಿಯೊಂದನ್ನು ಇಳಿಜಾರಿನಲ್ಲಿ ತಡೆದು ಹಿಡಿದವರಂತೆ ನಡೆಯುತ್ತಿದ್ದರು. ಪ್ರತಿ ವಾಕ್ಯದ ಬಾಲಕ್ಕೂ ಒಂದು 'ಅಲ್ವೇನ್ರಪ್ಪಾ' ಕಟ್ಟುವುದು ಅವರ ರೂಢಿ. "ಭೂಮಿ ಗುಂಡಗಿದೆ, ಅಲ್ವೇನ್ರಪ್ಪಾ," ಎಂದು ಮಕ್ಕಳ ಒಪ್ಪಿಗೆ ಸಿಗುವವರೆಗೂ ಅದರ ಆಕಾರವನ್ನು ತಡೆಹಿಡಿದವರಂತೆ ಕಾಯುತ್ತಿದ್ದರು. ಮೂವತ್ತು ವರ್ಷಗಳಲ್ಲಿ ಒಬ್ಬರೂ 'ಅಲ್ಲ' ಎಂದಿರಲಿಲ್ಲ.

ಶಾಲೆಯಿಂದ ಎರಡು ಮೈಲಿ ಆಚೆಗೆ ಗಣಿ. ಆ ಊರಿನಲ್ಲಿ ಕಿಟಕಿಯ ಕಟ್ಟೆ, ಹಾಜರಿ ಪುಸ್ತಕ, ಮುಖ್ಯೋಪಾಧ್ಯಾಯಿನಿಯ ಬಿಳಿಗೂದಲು, ಎಲ್ಲದರ ಮೇಲೂ ಕೆಂಪು ಧೂಳು. ಬಿಳಿ ಸೀಮೆಸುಣ್ಣ ಕೊಂಡರೆ ವಾರದೊಳಗೆ ಅದು ತಾನಾಗಿಯೇ ಬಣ್ಣದ ಸೀಮೆಸುಣ್ಣವಾಗುತ್ತಿತ್ತು. ಅರ್ಧ ಊರು ಆ ಗಣಿಯಿಂದ ಉಣ್ಣುತ್ತಿತ್ತು, ಪೂರ್ತಿ ಊರು ಕೆಮ್ಮುತ್ತಿತ್ತು. ಗಣಿಗಾರಿಕೆಯಿಂದ ಪರಿಸರದ ಮೇಲಾಗುವ ಪರಿಣಾಮಗಳು ಎಂಬ ಪಾಠ ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ ಒಂದೂವರೆ ಪುಟವಿತ್ತು. ಮೇಷ್ಟ್ರು ಅದನ್ನು ಓದಿಸುತ್ತಿರಲಿಲ್ಲ, ಆಡಿಸುತ್ತಿದ್ದರು.

ಆಟದಲ್ಲಿ ಅವರೇ ಗುಡ್ಡ. ಹೆಸರು ಬಂದದ್ದು ಅಲ್ಲಿಂದ. ಹೊಟ್ಟೆಯಿಂದ ಎನ್ನುವವರೂ ಇದ್ದರು. ಹಿಂದಿನ ದಿನ ಅವರ ಹೆಂಡತಿ, ಆ ಕಂದು ಉಣ್ಣೆಯ ಕೋಟಿನ ಬಟ್ಟೆಗೂ ಅಸ್ತರಿಗೂ ನಡುವೆ ಅರವತ್ತು ಕೆಂಪು ಗುಂಡಿಗಳನ್ನಿಟ್ಟು ಹೊಲಿಯಬೇಕು. ಅದು ಅದಿರು. ಅಂಚಿನೊಳಗೆ ನೀಲಿ ರಿಬ್ಬನ್ನು, ಅದು ತೊರೆ. ಜೇಬುಗಳ ತುಂಬ ಬೀಜ, ಅದು ಕಾಡು. "ನಾನು ಕಟ್ಕೊಂಡಿದ್ದು ಮೇಷ್ಟ್ರನ್ನೋ, ಹರಿದ ಮೂಟೇನೋ," ಎಂದು ಆಕೆ ಪ್ರತಿ ವರ್ಷವೂ ಕೇಳುತ್ತಿದ್ದರು. ಸೂಜಿಗೆ ದಾರ ಪೋಣಿಸುತ್ತಲೇ ಕೇಳುತ್ತಿದ್ದರು.

ಮಕ್ಕಳು ಚೀಟಿ ಎತ್ತಿ ಕಂಪನಿ, ಕೆಲಸಗಾರರು, ಕೆಳಗಿನ ಹೊಲದವರು, ಡಾಕ್ಟರು ಎಂದು ಹಂಚಿಹೋಗುವರು. ಕಂಪನಿಯವರು ಕತ್ತರಿ ಹಿಡಿದು ಗುಂಡಿ ತೆಗೆದಂತೆಲ್ಲ ಬೋರ್ಡಿನ ಮೇಲೆ ಸೀಮೆಸುಣ್ಣದ ರಸ್ತೆ, ದೀಪ, ಆಸ್ಪತ್ರೆಯ ಹಾಸಿಗೆ ಏಳುತ್ತಿದ್ದವು. ನೆಲದ ಮೇಲೆ ಬೀಜ ಚೆಲ್ಲುತ್ತಿತ್ತು, ರಿಬ್ಬನ್ನು ತುಂಡಾಗುತ್ತಿತ್ತು. ಆಮೇಲೆ ಎಲ್ಲರೂ ಕೂಡಿ ಸೂಜಿದಾರ ಹಿಡಿದು ಕೋಟನ್ನು ಮೊದಲಿನಂತೆ ಮಾಡಿಕೊಡಬೇಕು. ಯಾವ ತರಗತಿಯೂ ಮಾಡಿಕೊಟ್ಟದ್ದಿಲ್ಲ. ಅಗೆಯುವುದೇ ಬೇಡ ಸಾರ್ ಎಂದು ಐದು ನಿಮಿಷದಲ್ಲಿ ಗುಡ್ಡವನ್ನು ಉಳಿಸಿಬಿಟ್ಟ ಬುದ್ಧಿವಂತರಿಗೆ ಗಂಟೆ ಬಾರಿಸಿದ ಮೇಲೆ ಸೊನ್ನೆ. "ಹಾಗಾದ್ರೆ ನೀವು ಕೂತಿರೋ ಬೆಂಚಿನ ಮೊಳೆ ಆಕಾಶದಿಂದ ಬಿತ್ತಾ? ಕಷ್ಟಪಡಿ, ಅಲ್ವೇನ್ರಪ್ಪಾ."

ನಿಯಮ ಒಂದೇ: ಗುಡ್ಡ ಮಾತಾಡಬಾರದು. ಕತ್ತರಿ ಪಕ್ಕೆಗೆ ಚುಚ್ಚಿದರೂ ಮೇಷ್ಟ್ರು ತುಟಿ ಬಿಚ್ಚುತ್ತಿರಲಿಲ್ಲ. ಆ ನಲವತ್ತು ನಿಮಿಷಗಳಲ್ಲಿ ನುಂಗಿದ ಮಾತುಗಳಿಂದಲೇ ಹೊಟ್ಟೆ ಹಾಗೆ ಬೆಳೆದದ್ದೆಂದು ಡ್ರಿಲ್ ಮಾಸ್ತರರ ಸಂಶೋಧನೆ.

ನಿವೃತ್ತಿಗೆ ಮುಂಚಿನ ವರ್ಷ ಕಂಪನಿಯ ಚೀಟಿ ಟಿಪ್ಪರ್ ಡ್ರೈವರನ ಮಗಳಿಗೆ ಬಂತು. ಕಡಿಮೆ ಮಾತಿನ, ಚುರುಕು ಹುಡುಗಿ. ಅವಳ ತಂದೆ ದಿನಕ್ಕೆ ಎಂಟು ಸಲ ಗಣಿಯಿಂದ ಅದಿರು ತುಂಬಿಕೊಂಡು ಶಾಲೆಯ ಮುಂದೆಯೇ ಹೋಗುತ್ತಿದ್ದ. ಅವಳು ಒಂದು ಬೀಜವೂ ಚೆಲ್ಲದಂತೆ, ಹೊಲಿಗೆಯ ಎಳೆ ಮಾತ್ರ ಬಿಡಿಸಿ ಗುಂಡಿ ತೆಗೆಯುತ್ತಿದ್ದಳು. ಮೂವತ್ತು ವರ್ಷಗಳಲ್ಲಿ ಅಷ್ಟು ಹದವಾಗಿ ಯಾರೂ ತಮ್ಮನ್ನು ಅಗೆದಿರಲಿಲ್ಲವೆಂದು ಮೇಷ್ಟ್ರು ಮನಸ್ಸಿನಲ್ಲೇ ಹಿಗ್ಗುತ್ತಿದ್ದರು. ಅಷ್ಟರಲ್ಲಿ ಹೊಲದವನ ಪಾತ್ರದಲ್ಲಿದ್ದ ಕಡ್ಡಿ ಎಂಬ ಅಡ್ಡಹೆಸರಿನ ಹುಡುಗ ಎದ್ದು ನಿಂತು ಕೇಳಿದ.

"ಲೇ, ನಿಮ್ಮಪ್ಪ ದಿನಾ ಅಷ್ಟಷ್ಟು ಗುಡ್ಡ ನುಂಗ್ತಾರಲ್ಲ, ಊಟಕ್ಕೆ ಮುಂಚೇನೋ ಆಮೇಲೋ?"

ತರಗತಿ ಘೊಳ್ಳೆಂದಿತು. ಗುಡ್ಡ ಮಾತಾಡಲಿಲ್ಲ. ಆದರೆ ಗುಡ್ಡಕ್ಕೆ ಹಾಸ್ಯವೆಂದರೆ ಪ್ರಾಣ. ಅದರ ಹೊಟ್ಟೆ ಒಮ್ಮೆ ಕುಲುಕಿತು. ಹುಡುಗಿಯ ಕೈ ತಪ್ಪಿತು, ಕತ್ತರಿ ಜಾರಿ ಕೋಟು ಒಂದು ಗೇಣು ಹರಿಯಿತು. ಅವಳು ಕತ್ತರಿಯನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟು, ಚೀಲ ತೆಗೆದುಕೊಂಡು ಹೊರಟುಹೋದಳು. ಮರುದಿನ ಬರಲಿಲ್ಲ, ಅದರ ಮರುದಿನವೂ. ನಾಲ್ಕನೆಯ ದಿನ ಮುಖ್ಯೋಪಾಧ್ಯಾಯಿನಿ, "ಅವಳು ಶಾಲೆ ಬಿಡ್ತಾಳಂತೆ, ಅವರಪ್ಪ ಹೇಳಿಕಳಿಸಿದ್ದಾರೆ," ಎಂದರು.

ಮೇಷ್ಟ್ರು ಸಂಜೆ ಹರಿದ ಕೋಟಿನಲ್ಲೇ ಅವರ ಮನೆಗೆ ಹೋದರು. ಡ್ರೈವರು ಹೊಸ್ತಿಲ ಬಳಿ ಕೂತು, ಮೊಣಕಾಲ ಮೇಲೆ ಲಾರಿಯ ಟಾರ್ಪಾಲು ಹರಡಿಕೊಂಡು ದಬ್ಬಳದಿಂದ ಹೊಲಿಯುತ್ತಿದ್ದ. ರೆಪ್ಪೆಗಳ ಮೇಲೂ ಕೆಂಪು. ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. ಮೇಷ್ಟ್ರು ಭೂಮಿ ತಣ್ಣಗಾದ ಕಾಲದಿಂದ ಆರಂಭಿಸಿ, ಅದಿರು ಹುಟ್ಟಿದ ಬಗೆಯನ್ನು ಹಾದು, ಏದುಸಿರು ಬಿಡುತ್ತ ಕೊನೆಗೆ ತಮ್ಮ ತರಗತಿಯನ್ನು ತಲುಪಿದರು.

"ಗುಡ್ಡ ಮಾತಾಡಬಾರದು ಅಂತ ನಿಯಮ ಇತ್ತು, ಅಲ್ವೇನಮ್ಮಾ."

"ಹೌದು ಸಾರ್. ನಗಬಹುದು ಅಂತಾನೂ ಇತ್ತಾ?"

ಮೇಷ್ಟ್ರು ಕೋಟಿನ ಹರಿದ ಅಂಚುಗಳನ್ನು ಕೂಡಿಸಿ ಹಿಡಿದುಕೊಂಡರು.

"ಕಡ್ಡಿ ಏನಾದ್ರೂ ಅಂದ್ಕೊಳ್ಲಿ ಸಾರ್, ಅವನಿಗೆ ಬಾಯಿ ಬಿಟ್ರೆ ಬೇರೆ ಏನಿದೆ. ನೀವು ನಕ್ಕಿದ್ದು ನನ್ನ ಕೈಗೆ ಗೊತ್ತಾಯ್ತು."

"ತಪ್ಪಾಯ್ತು ಕಣಮ್ಮ," ಎಂದರು ಮೇಷ್ಟ್ರು. ಅವರ ಜೀವಮಾನದ ಅತಿ ಚಿಕ್ಕ ವಾಕ್ಯ, ಅದಕ್ಕೆ ಬಾಲವಿರಲಿಲ್ಲ.

ಡ್ರೈವರು ತಲೆಯೆತ್ತಿದ. "ಗುಡ್ಡ ಇಳೀತಿರೋದು ನಂಗೂ ಕಾಣತ್ತೆ ಮೇಷ್ಟ್ರೇ. ದಿನಾ ಇಳಿಸೋನು ನಾನೇ ಅಲ್ವಾ. ಇವಳು ಓದಿದ್ರೆ ಬೇರೆ ದಾರಿ ಏನಾದ್ರೂ ಹುಡುಕ್ತಾಳೇನೋ ಅಂತಿದ್ದೆ." ಕೈ ಚಾಚಿದ. "ಕೋಟು ಕೊಡಿ ಇಲ್ಲಿ."

ದಬ್ಬಳದಲ್ಲಿ ಟಾರ್ಪಾಲಿನ ದಾರ ಹಾಕಿ, ಉಣ್ಣೆಯ ಮೇಲೆ ಮೂಟೆಯ ಹೊಲಿಗೆ ಹಾಕಿದ. ಹಗ್ಗದಷ್ಟು ದಪ್ಪ, ಮುಂದಿನ ಬೀದಿಯಿಂದಲೂ ಕಾಣುವಂಥದ್ದು.

"ಮುಂಚಿನ ಹಾಗಾಗಲ್ಲ," ಎಂದ, ಹಲ್ಲಿನಿಂದ ದಾರ ಕಡಿಯುತ್ತ. "ಇಲ್ಲಿ ಮತ್ತೆ ಹರಿಯಲ್ಲ, ಅಷ್ಟೆ."

ಸೋಮವಾರ ಹುಡುಗಿ ಬಂದಳು. ಮೇಷ್ಟ್ರು ಆಟವನ್ನು ಮತ್ತೆ ಹೂಡಿ, ಕೋಟನ್ನು ಬಿಚ್ಚಿ ಅವಳಿಗೆ ಕೊಟ್ಟು, ತಾವು ಕೊನೆಯ ಬೆಂಚಿನಲ್ಲಿ ಕೆಲಸಗಾರರ ಜತೆ ಕೂತರು. ಬೆಂಚು ಅಂದಿನಿಂದ ಇಂದಿನವರೆಗೂ ಬಾಗಿಯೇ ಇದೆ. ನಿಯಮ ಬದಲಾಗಿತ್ತು: ಗುಡ್ಡ ಬೇಕಾದ್ದು ಹೇಳಬಹುದು. ನೆಲ ಗುಡಿಸುವ ಆ ಕೋಟಿನೊಳಗೆ ಹುಡುಗಿ ಹುಡುಕಿದರೆ ಸಿಗುವಷ್ಟೇ ಇದ್ದಳು. ಕಂಪನಿಯ ಚೀಟಿ ಈ ಸಲ ಕಡ್ಡಿಗೆ. ಅವನು ಕತ್ತರಿ ಹಿಡಿದು, ಎಲ್ಲಿ ಹಾಕಬೇಕೆಂದು ತಿಳಿಯದೆ ದಪ್ಪ ಹೊಲಿಗೆಯ ಬಳಿ ಬಗ್ಗಿದ.

"ಅಲ್ಲಿ ಬೇಡ," ಎಂದಿತು ಗುಡ್ಡ. "ಅದು ನಮ್ಮಪ್ಪ ಹೊಲಿದಿರೋದು. ನಿನ್ನ ಕತ್ತರಿ ಮುರಿಯತ್ತೆ. ಬೇರೆ ಕಡೆ ನೋಡು, ನಿಧಾನ."

ಕಡ್ಡಿ ಕೇಳದೆ ಕತ್ತರಿ ಹಾಕಿದ, ತಿಣುಕಿದ, ಬೆವತ. ಹೊಲಿಗೆ ಜಗ್ಗಲಿಲ್ಲ. "ಏನ್ ಹೊಲಿದಿದ್ದಾರೆ ಮಾರಾಯ್ತೀ ನಿಮ್ಮಪ್ಪ," ಎಂದು ಅವನು ಕೈ ಕೊಡವಿದಾಗ ಗುಡ್ಡಕ್ಕೆ ನಗು ಬಂತು. ಈ ಸಲ ತಡೆಯುವ ನಿಯಮವೂ ಇರಲಿಲ್ಲ, ಕಾರಣವೂ ಇರಲಿಲ್ಲ.

ಮೇಷ್ಟ್ರು ಈಗ ನಿವೃತ್ತರು. ಬಿಸಿಲು ತಲೆ ಸೀಳುವ ದಿನವೂ ಅದೇ ಕೋಟು. ಹೆಂಡತಿ ಎಷ್ಟು ಸಲ ಹೇಳಿದರೂ ಆ ಹೊಲಿಗೆಯನ್ನು ಬಿಚ್ಚಿಸಿ ಅಂದವಾಗಿ ಹಾಕಿಸಲು ಒಪ್ಪಿಲ್ಲ. ಮಾತು ನಿಂತಿಲ್ಲ, ನೊಣಗಳ ಸಂಸಾರಗಳೂ ನಿಂತಿಲ್ಲ. ಆದರೆ ಯಾರನ್ನಾದರೂ ಗೇಲಿ ಮಾಡುವ ಮಾತು ಬಂದು ಎಲ್ಲರೂ ನಗಲು ಬಾಯಿ ತೆರೆದಾಗ, ಅವರ ಎಡಗೈ ತಾನಾಗಿಯೇ ಹೊಟ್ಟೆಯ ಮೇಲಿನ ಆ ದಪ್ಪ ದಾರದ ಮೇಲೆ ಹೋಗಿ ಕೂರುತ್ತದೆ.

ಪಾಠವನ್ನು ಪುಸ್ತಕದಿಂದ ಹೇಳುವವರು ತಪ್ಪಿದರೆ ಪುಸ್ತಕ ತಿದ್ದಿದರಾಯಿತು. ಪಾಠವನ್ನು ಮೈಮೇಲೆ ತೊಟ್ಟು ನಿಂತು, ಇಗೋ ಅಗೆಯಿರಿ ಎಂದು ಮಕ್ಕಳ ಕೈಗೆ ಕತ್ತರಿ ಕೊಡುವ ಮಂದಿ ಬೇರೆ. ಅವರ ತಪ್ಪುಗಳು ಹಾಡುಹಗಲಲ್ಲಿ, ತುಂಬಿದ ತರಗತಿಯ ಎದುರಿಗೇ ಹರಿಯುತ್ತವೆ. ಅಂಥವರನ್ನು ಮೊದಲಿನಂತೆ ಮಾಡಲು ಯಾರಿಂದಲೂ ಆಗುವುದಿಲ್ಲ. ಅವರೂ ಹಾಗೆ ಕೇಳುವುದಿಲ್ಲ. ಹೊಲಿಗೆ ಎದ್ದು ಕಾಣಲಿ ಎಂದು ಕೋಟಿನ ಆ ಭಾಗವನ್ನೇ ಮುಂದೆ ಮಾಡಿಕೊಂಡು ನಡೆಯುತ್ತಾರೆ.