ಗರ್ಟ್ರೂಡಮ್ಮ ಇಟ್ಟ ಆಣೆ

ಗರ್ಟ್ರೂಡಮ್ಮನ ಬಾಯಲ್ಲಿ "ದೇವರಾಣೆ" ಅನ್ನುವ ಮಾತನ್ನು ಅಬುಧಾಬಿಯಲ್ಲಿ ಕೇಳಿದವರೇ ಇರಲಿಲ್ಲ. ಅಲ್ ಮೀನಾದ ಮಾರುಕಟ್ಟೆಯಲ್ಲಿ ನಿನ್ನೆಯ ಅಂಜಲ್ ಮೀನು ಮಾರುವವನೂ "ವಲ್ಲಾಹಿ, ಈಗಷ್ಟೇ ಬಂದದ್ದು" ಅಂತ ದೇವರಾಣೆ ಇಡುವ ಊರು ಮಾರಾಯ್ರೆ ಇದು! ಆಕೆ ಹೌದು ಅಂದರೆ ಮಾತ್ರ ಮತ್ತೆ ಯಾರೂ ಕೇಳುತ್ತಿರಲಿಲ್ಲ.

ಆಣೆಯಿಲ್ಲದೆ ಮಾತಾಡುವುದನ್ನು ಆಕೆ ಕಲಿತದ್ದು ಬಂದರಿನ ಹಿಂದಿದ್ದ ಮಿಶನ್ ಕ್ಲಿನಿಕ್ಕಿನಲ್ಲಿ. ಮೂವತ್ತೆಂಟು ವರ್ಷದ ಹಿಂದೆ ಉಡುಪಿಯಿಂದ ದಾದಿಯಾಗಿ ಬಂದವಳಿಗೆ ಅಲ್ಲಿನ ಮೆನೊನೈಟ್ ಎಂಬ ಕ್ರೈಸ್ತ ಪಂಥದ ಡಾಕ್ಟರಮ್ಮ, ಬ್ರೆದ್ರನ್ ಪಂಥದ ನರ್ಸುಗಳು ತಮ್ಮ ವಿಶ್ವಾಸ ಕೊಟ್ಟರು: ಆಯುಧ ಮುಟ್ಟಬೇಡ, ಜೊತೆಯವರ ಕಾಲು ತೊಳೆ, ಆಣೆ ಇಡಬೇಡ. ಔಷಧಿ ಕೋಣೆಯ ಹಿಂದಿನ ಪುಟ್ಟ ಕೋಣೆಯೇ ಅವರ ಸಭೆ. ಈಗ ಅವರಲ್ಲಿ ಉಳಿದವಳು ಇವಳೊಬ್ಬಳೇ.

2014ರಲ್ಲಿ ಕಟ್ಟಡ ಕೆಡವಲು ಹೊರಟರು. ಆ ಕೋಣೆಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತೆಂದು ಕಂಡವರು ಗುರುವಾರದೊಳಗೆ ಪ್ರಮಾಣಪತ್ರ ಕೊಟ್ಟರೆ ಉಳಿಸಬಹುದು ಎಂದಿತು ಒಂದು ಪರಂಪರೆ ಸಮಿತಿ. ಕ್ಲಿನಿಕ್ಕಿನ ಹಳೇ ಡ್ರೈವರ್ ಅಲಿಕುಂಞಿ ಆಕೆಯನ್ನು ಸರ್ಕಾರಿ ಕಾಗದ ಬರೆದುಕೊಡುವ ಟೈಪಿಂಗ್ ಸೆಂಟರಿಗೆ ಕರೆದೊಯ್ದ. ಸಭೆಯ ಪದ್ಧತಿಗಳನ್ನೆಲ್ಲ ಆಕೆ ಹೇಳಿ ಬರೆಸಿದಳು; ಆದರೆ ಕಾಗದದ ಮೊದಲ ಸಾಲೇ ದೇವರ ಮೇಲಿನ ಆಣೆ.

"ಬರೇ 'ಸತ್ಯ ಹೇಳುತ್ತೇನೆ' ಅಂದರೆ ಸಾಲದಾ?"

"ಮಾಫಿ, ಆಗುವುದಿಲ್ಲ," ಅಂದ ಗುಮಾಸ್ತ, ತಲೆ ಎತ್ತದೆ.

"ನಾನಾದರೆ ಸಾವಿರ ಆಣೆ ಇಡ್ತಿದ್ದೆ," ಅಲಿಕುಂಞಿ ಅಂಗಲಾಚಿದ. "ಆದರೆ ನಾನಿದ್ದದ್ದು ಹೊರಗೆ ವ್ಯಾನಿನಲ್ಲಿ. ಒಳಗೆ ಕೂತವರು ನೀವು. ಒಂದು ಸಲ ಹೇಳಿಬಿಡಿ, ಖಲಾಸ್!"

ಗರ್ಟ್ರೂಡಮ್ಮ ಆ ಸಾಲನ್ನು ಮತ್ತೆ ನೋಡಿದಳು. ಆಣೆ ಇಡದಿದ್ದರೆ ಡಾಕ್ಟರಮ್ಮ ಮೊಣಕಾಲೂರಿ ತನ್ನ ಕಾಲು ತೊಳೆದ ನೆಲದ ಮೇಲೆ ಬುಲ್ಡೋಜರ್. ಇಟ್ಟರೆ ಆ ಡಾಕ್ಟರಮ್ಮನಿಗೇ ದ್ರೋಹ. ಎಂಥ ದರಿದ್ರ ಕಾಗದವಪ್ಪಾ! ಅರ್ಧ ಗಂಟೆ ಕೂತಿದ್ದು, ಕೊನೆಗೆ ಬಲಗೈ ಎತ್ತಿ ಆಣೆಯ ಸಾಲು ಹೇಳಿದಳು. ಹೇಳಿ ಮುಗಿಸಿದ ಮೇಲೆ ನೀರು ಕೇಳಿದಳು.

ಕೋಣೆ ಉಳಿಯಿತು. ಉದ್ಘಾಟನೆಯ ದಿನ ಕಾಲು ತೊಳೆಯುತ್ತಿದ್ದ ಬೋಗುಣಿ ಗಾಜಿನ ಪೆಟ್ಟಿಗೆಯಲ್ಲಿತ್ತು. ಬಾಗಿಲ ಪಕ್ಕ ಇಂಗ್ಲಿಷಿನ ಫಲಕ. ಗರ್ಟ್ರೂಡಮ್ಮ ಕನ್ನಡಕ ಹಾಕಿ ಓದಿದಳು: "ಇಲ್ಲಿ ಪ್ರಾರ್ಥಿಸಿದವರು ಯಾವ ಸಂಕಟದಲ್ಲೂ ಆಣೆ ಇಟ್ಟವರಲ್ಲ. ಆಧಾರ: ಇವರಲ್ಲಿ ಕೊನೆಯವರಾದ ಗರ್ಟ್ರೂಡ್ ಅವರ ಪ್ರಮಾಣಪತ್ರ."

ನಾಚಿಕೆಯಿಂದ ಮುಖವೆಲ್ಲ ಸುಟ್ಟಿತು. ಒಳಗೆ ಕಾಲಿಡಲು ಮನಸ್ಸಾಗಲಿಲ್ಲ.

ಇಂಗ್ಲಿಷ್ ಬಾರದ ಅಲಿಕುಂಞಿ ಹಿಗ್ಗಿನಿಂದ ಕೇಳಿದ, "ನಿಮ್ಮವರ ಬಗ್ಗೆ ಒಳ್ಳೇದೇ ಬರೆದಿದ್ದಾರಾ?"

"ಹೌದು."

"ಆಣೆ ಇಟ್ಟು ಹೇಳಿ ನೋಡುವಾ!" ಅಂತ ನಕ್ಕ.

ಅವನಿಗದು ಬರೀ ತಮಾಷೆ. ಆಕೆ ಹೌದು ಅಂದ ಮೇಲೂ ಆಣೆ ಕೇಳಿದವರಲ್ಲಿ ಅವನೇ ಮೊದಲಿಗ.