ಇಪ್ಪತ್ಮೂರನೆಯ ಮಷೀನು

ಸಂಜೆ ನಾಲ್ಕಕ್ಕೆ ನನ್ನ ಸುಳ್ಳು ಬಯಲಾಗುವುದಿತ್ತು. ಬೆಳಗ್ಗೆ ಹತ್ತಕ್ಕೆ ನಾನು ಕಮಲಾಪುರದ ಬಸ್ಸಿನಲ್ಲಿ ಕೂತು, ಇನ್ನೂ ಯಾಕೆ ಹೊರಟಿಲ್ಲವೆಂದು ಕಂಡಕ್ಟರನ ಮೇಲೆ ಎರಡು ಸಲ ರೇಗಿಯಾಗಿತ್ತು. ಅವನು ಚಹಾ ಮುಗಿಸಿಯೇ ಹತ್ತಿದ.

ನನ್ನ ಕೆಲಸ ಏನೆಂದು ರೋಜಾ ಬಡಾವಣೆಯ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ತಿಳಿಯದು. ಸೂಪರ್ ಮಾರ್ಕೆಟ್ ಎಂಬ ಪೇಟೆಯ ಒಂದು ಬಟ್ಟೆ ಅಂಗಡಿಯ ಮೇಲೆ ನಮ್ಮ ಆಫೀಸು. ಹನ್ನೊಂದು ಲ್ಯಾಬುಗಳ ರಿಪೋರ್ಟುಗಳನ್ನು ನಾವು ಕ್ಲೌಡ್‌ನಲ್ಲಿ ಕಾಯ್ದಿಡುತ್ತೇವೆ. ಅದಕ್ಕಾಗಿ ಇಪ್ಪತ್ಮೂರು ವರ್ಚುವಲ್ ಮಷೀನುಗಳಿವೆ. ಇವು ಕೈಗೆ ಸಿಗುವ ಪೆಟ್ಟಿಗೆಗಳಲ್ಲ, ಎಲ್ಲೋ ದೂರದ ದೊಡ್ಡ ಕಂಪ್ಯೂಟರುಗಳೊಳಗೆ ಬಾಡಿಗೆಗೆ ಹಿಡಿದ ಕೋಣೆಗಳಿದ್ದ ಹಾಗೆ. ಪ್ರತಿ ತಿಂಗಳು ಅವಕ್ಕೆ ಹೊಸ ಅಪ್‌ಡೇಟ್ ಹಾಕಿ, ಒಮ್ಮೆ ಬಂದ್ ಮಾಡಿ, ಮತ್ತೆ ಚಾಲೂ ಮಾಡಬೇಕು. ಹಾಕದಿದ್ದರೆ ಕಳ್ಳರಿಗೆ ನಾವೇ ದಾರಿ ಬಿಟ್ಟುಕೊಟ್ಟಂತೆ.

ಇಪ್ಪತ್ತೆರಡಕ್ಕೆ ತಪ್ಪದೆ ಹಾಕುತ್ತಿದ್ದೆ. ಇಪ್ಪತ್ಮೂರನೆಯದನ್ನು ಮುಟ್ಟಿರಲಿಲ್ಲ. ಎಂಟು ವರ್ಷದ ಹಳೆಯ ರಿಪೋರ್ಟುಗಳೆಲ್ಲ ಅದರಲ್ಲಿದ್ದವು, ನಮ್ಮ ಅಮ್ಮಿಯ ಎದೆಯ ಗಂಟಿನದೂ ಸೇರಿ. ನನಗಿಂತ ಮುಂಚೆ ಈ ಕೆಲಸದಲ್ಲಿದ್ದ ಸೂಗಪ್ಪ, 'ಇದನ್ನು ಬಂದ್ ಮಾಡಬೇಡಿ' ಎಂದು ಒಂದು ಸಾಲು ಬರೆದಿಟ್ಟು ಕೆಲಸ ಬಿಟ್ಟಿದ್ದ. ಯಾಕೆಂದು ಬರೆದಿರಲಿಲ್ಲ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ತಿಂಗಳ ಕೊನೆಗೆ ಮಾಲೀಕರಾದ ಝಹೀರ್ ಭಾಯಿಗೆ ನಾನು ಅಪ್‌ಡೇಟ್ ಆದವುಗಳ ಪಟ್ಟಿ ಕೊಡಬೇಕು, ಅವರು ಲ್ಯಾಬುಗಳಿಗೆ ಕಳಿಸಬೇಕು. ಮೊದಲ ತಿಂಗಳು, ಮುಂದಿನ ವಾರ ಹೇಗಾದರೂ ಮಾಡಿಬಿಡೋಣವೆಂದು, ಇಪ್ಪತ್ಮೂರನೆಯ ಸಾಲಿನಲ್ಲೂ 'ಆಗಿದೆ' ಎಂದು ಬರೆದೆ. ಹಾಗೆ ಬರೆಯುತ್ತ ಬರೆಯುತ್ತ ಹದಿನೆಂಟು ತಿಂಗಳಾಗಿತ್ತು.

ಈಗ ಕ್ಲೌಡ್ ಕಂಪನಿಯ ನೋಟಿಸು ಬಂದಿತ್ತು. ಶುಕ್ರವಾರ ಸಂಜೆ ನಾಲ್ಕಕ್ಕೆ ದುರಸ್ತಿಗಾಗಿ ಆ ಮಷೀನನ್ನು ಅವರೇ ಬಂದ್ ಮಾಡಿ ಚಾಲೂ ಮಾಡುತ್ತಾರೆ. ಬೇಡ ಎನ್ನಲು ನಮಗೆ ಹಕ್ಕಿಲ್ಲ. ಅದು ಮತ್ತೆ ಏಳದಿದ್ದರೆ, ನಾನು ಬರೆದ 'ಆಗಿದೆ'ಗಳೆಲ್ಲ ಸುಳ್ಳೆಂದು ಎಲ್ಲರಿಗೂ ತಿಳಿಯುತ್ತದೆ. ಹತ್ತು ದಿನ ಆ ನೋಟಿಸನ್ನು ಓದುವುದು, ಮುಚ್ಚುವುದು, ಇದೇ ಮಾಡಿದೆ. ಕೊನೆಯ ದಿನ ಬಸ್ಸು ಹತ್ತಿದೆ. ನನ್ನ ಬುದ್ಧಿಗೆ ಏನೆನ್ನಬೇಕೋ ತಿಳಿಯದು.

ಸೂಗಪ್ಪನ ಮನೆ ಕಮಲಾಪುರದ ಬಸ್‌ಸ್ಟ್ಯಾಂಡಿನ ಹಿಂದೆಯೇ ಸಿಕ್ಕಿತು. ಅಂಗಳದಲ್ಲಿ ಕೆಂಪು ಬಾಳೆಗೊನೆಗಳನ್ನು ಸಾಲಾಗಿ ಇಟ್ಟಿದ್ದರು. ನನ್ನನ್ನು ಕಂಡವನೇ ಅವನು ಒಂದು ಗೊನೆಯನ್ನು ಎತ್ತಿ, ಯಾಕೆ ಎತ್ತಿದೆನೆಂದು ಗೊತ್ತಾಗದೆ ಅಲ್ಲೇ ಇಟ್ಟ.

"ಫೋನ್ ಯಾಕ ಎತ್ತಂಗಿಲ್ರಿ ಅಣ್ಣಾ?" ಎಂದೆ.

"ತೋಟದಾಗ ಇರ್ತೀನಿ, ತಂಗಿ."

"ಹದಿನೆಂಟು ತಿಂಗಳಿಂದ ತೋಟದಾಗೇ ಇದ್ದೀರೇನು?"

ಅವನ ಹೆಂಡತಿ ಕಸ್ತೂರಿಬಾಯಿ ಬಾಗಿಲಲ್ಲಿ ನಿಂತು ನಕ್ಕಳು. ಅವನು ನಗಲಿಲ್ಲ. ನಾಲ್ಕು ಗಂಟೆಯ ಸುದ್ದಿ ಹೇಳಿದೆ. ಸೂಗಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ಜೇಬಿನಿಂದ ಫೋನ್ ತೆಗೆದು ನನ್ನ ಮುಂದೆ ಹಿಡಿದ. ನಮ್ಮ ಮಷೀನುಗಳು ಎಷ್ಟು ದಿನದಿಂದ ಬಂದ್ ಆಗದೆ ನಡೆದಿವೆ ಎಂದು ತೋರಿಸುವ ಪುಟ ಅದು, ಯಾರು ಬೇಕಾದರೂ ನೋಡಬಹುದು. ಇಪ್ಪತ್ಮೂರನೆಯದರ ಮುಂದೆ 1127 ಎಂದಿತ್ತು.

ನನಗೆ ಮೈಯೆಲ್ಲ ಉರಿಯಿತು. "ಇದಕ್ಕೇನು ನಿಮಗ ಶಾಲು ಹೊದಿಸ್ಬೇಕೇನ್ರಿ?"

"ಅದು ಬಂದ್ ಆದ್ರ ಮತ್ತ ತೆರೆಯಂಗಿಲ್ಲ, ತಂಗಿ. ಪಾಸ್‌ವರ್ಡ್ ಕಳದೀನಿ."

ತುಸುತುಸುವೇ ಹೇಳಿದ. ರೋಗಿಗಳ ವಿಷಯ ಯಾರ ಕೈಗೂ ಸಿಗಬಾರದೆಂದು ಇಡೀ ಮಷೀನಿಗೆ ಒಂದು ಬೀಗ ಹಾಕಿದ್ದ. ಪ್ರತಿ ಸಲ ಚಾಲೂ ಆಗುವಾಗ ಅದು ಪಾಸ್‌ವರ್ಡ್ ಕೇಳುತ್ತದೆ. 1127 ದಿನದ ಹಿಂದೆ ಒಮ್ಮೆ ಒತ್ತಿದ್ದ. ಬರೆದಿಟ್ಟ ಚೀಟಿ ಆಫೀಸು ಬದಲಿಸುವಾಗ ರದ್ದಿಗೆ ಹೋಯಿತು. ನಡೆಯುತ್ತಿರುವಷ್ಟು ಹೊತ್ತು ಬೀಗ ತೆರೆದಿರುತ್ತದೆ, ನಿಂತರೆ ಮುಗಿಯಿತು. ತೆಗೆದಿಟ್ಟ ನಕಲುಗಳ ಮೇಲೂ ಅದೇ ಬೀಗ.

"ಹೇಳಬೇಕಂತ ಮಾಡಿದ್ದೆ. ಒಂದಿನ ತಡಾ ಆತು. ಆಮ್ಯಾಲ ಹೇಳೂದು ಇನ್ನೂ ಕಠಿಣ ಆತು. ನೌಕರಿ ಬಿಟ್ಟೆ, ಹೆದರಿಕಿ ಬಿಡಲಿಲ್ಲ."

"ರಾತ್ರಿ ಎರಡು ಸಲ ಎದ್ದು ಫೋನ್ ನೋಡ್ತಾರ. ನಾ ಬ್ಯಾರೇನೋ ಅಂತ ತಿಳಕೊಂಡು ಒಂದು ತಿಂಗಳು ಮಾತು ಬಿಟ್ಟಿದ್ದೆ," ಎಂದಳು ಕಸ್ತೂರಿಬಾಯಿ.

ಬೈಯಬೇಕೆಂದು ಬಂದಿದ್ದೆ. ಅವನ ಬಾಯಿಂದ ನನ್ನದೇ ಕಥೆ ಕೇಳಿದಂತಾಗಿತ್ತು.

ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಬೀಗ ಇನ್ನೂ ತೆರೆದಿದೆಯಲ್ಲ, ಒಳಗಿನದನ್ನು ಈಗಲೇ ಹೊರಗೆ ಸಾಗಿಸಬಹುದು ಎಂದೆ. ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು, ಎಲ್ಲ ಅಪ್‌ಡೇಟ್ ಹಾಕಿದ ಹೊಸ ಮಷೀನೊಂದನ್ನು ಎಬ್ಬಿಸಿದೆ. ಯಾವುದು ಎಲ್ಲಿದೆ, ಯಾವುದನ್ನು ಮೊದಲು ಚಾಲೂ ಮಾಡಬೇಕು, ಎಲ್ಲ ಸೂಗಪ್ಪನಿಗೆ ಬಾಯಿಪಾಠ. ನಕಲು ಶುರುವಾಯಿತು. ಆಮೇಲೆ ನೋಡುತ್ತ ಕೂರುವುದೊಂದೇ ಕೆಲಸ, ಅದು ನನ್ನಿಂದಾಗದ ಕೆಲಸ.

ಕಸ್ತೂರಿಬಾಯಿ ರೊಟ್ಟಿ, ಶೇಂಗಾ ಹಿಂಡಿ ತಂದಿಟ್ಟಳು. ಒಂದು ತುತ್ತೂ ಇಳಿಯಲಿಲ್ಲ. ಅಂಗಳದ ಈ ತುದಿಯಿಂದ ಆ ತುದಿಗೆ ತಿರುಗಿದೆ. ಎರಡಕ್ಕೆ ನೂರರಲ್ಲಿ ನಲವತ್ತೊಂದು. ಮೂರಕ್ಕೆ ಎಪ್ಪತ್ತು. "ಕೂಡು ತಂಗಿ, ಬಾಳಿಹಣ್ಣರ ತಿನ್ನು" ಎಂದಳು. ಹಣ್ಣು ಕೈಯಲ್ಲೇ ಹಿಡಿದು ಮತ್ತೆ ತಿರುಗಿದೆ. ಮೂರೂವರೆಗೆ ಎಂಬತ್ತಾರಕ್ಕೆ ಬಂದು ಅಲ್ಲೇ ನಿಂತಿತು. ಏಳು ನಿಮಿಷ ಕಳೆದ ಮೇಲೆ ಎಂಬತ್ತೇಳಾಯಿತು.

ನಾಲ್ಕಕ್ಕೆ ಆರು ನಿಮಿಷವಿರುವಾಗ ಮುಗಿಯಿತು. ಹೊಸ ಮಷೀನಿನಲ್ಲಿ ಅಮ್ಮಿಯ ಹೆಸರು ಹುಡುಕಿದೆ: ಶಾಹಜಾದಿ, ವಯಸ್ಸು ಐವತ್ತೆರಡು. ರಿಪೋರ್ಟು ತೆರೆಯಿತು. ಅಪಾಯದ ಗಂಟಲ್ಲ ಎಂಬ ಸಾಲು ಇದ್ದಲ್ಲೇ ಇತ್ತು. ನನಗೆ ಅಳು ಬಂತು, ಅತ್ತೆ.

ನಾಲ್ಕಕ್ಕೆ ಸರಿಯಾಗಿ ಹಳೆಯದು ನಿಂತಿತು. ಎದ್ದು ಪಾಸ್‌ವರ್ಡ್ ಕೇಳಿತು. ಸೂಗಪ್ಪನ ಫೋನಿನಲ್ಲಿ 1127 ಹೋಗಿ ಸೊನ್ನೆ ಬಂತು.

"ಇನ್ನ ಯಾರಿಗೂ ಗೊತ್ತಾಗಂಗಿಲ್ಲ," ಎಂದ ಅವನು. "ಈ ತಿಂಗಳ 'ಆಗಿದೆ' ಅಂತ ಬರಿ. ಖರೇನೇ ಆಗ್ಯದಲ್ಲ."

ಖರೆ, ಗೊತ್ತಾಗುತ್ತಿರಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿತ್ತು. ಲ್ಯಾಪ್‌ಟಾಪ್ ಚೀಲಕ್ಕಿಟ್ಟು ತಿರುಗಿ ನೋಡುವಷ್ಟರಲ್ಲಿ ಅವನು ಗೊನೆಗಳ ಪಕ್ಕದಲ್ಲೇ ಗೋಡೆಗೊರಗಿ ನಿದ್ದೆ ಹೋಗಿದ್ದ. ಬಾಯಿ ತೆರೆದಿತ್ತು, ಫೋನ್ ಕೈಯಿಂದ ಜಾರಿ ನೆಲದ ಮೇಲೆ ಬಿದ್ದಿತ್ತು. ಕಸ್ತೂರಿಬಾಯಿ ಅದನ್ನು ಎತ್ತಿ ಒಳಗೆ ಇಟ್ಟು ಬಂದಳು.

ನಾನು ಝಹೀರ್ ಭಾಯಿಗೆ ಫೋನ್ ಮಾಡಿದೆ. ಹದಿನೆಂಟು ತಿಂಗಳ ಪಟ್ಟಿಯಲ್ಲಿ ಒಂದು ಸಾಲು ಸುಳ್ಳೆಂದು, ಬರೆದವಳು ನಾನೇ ಎಂದು ಹೇಳಿದೆ. ಆ ಕಡೆ ಸೂಪರ್ ಮಾರ್ಕೆಟ್‌ನ ಆಟೋಗಳ ಹಾರ್ನ್ ಕೇಳಿಸುತ್ತಿತ್ತು.

"ನಾಳೆ ಬಾ," ಎಂದರು. "ಹದಿನೆಂಟೂ ಪಟ್ಟಿ ತಗೊಂಡು ಬಾ." ಫೋನ್ ಇಟ್ಟರು.

ಕೆಲಸ ಹೋಗಬಹುದು. ಆದರೆ ಹತ್ತು ದಿನದಲ್ಲಿ ಮೊದಲ ಸಲ ಹೊಟ್ಟೆ ಹಸಿದಿತ್ತು.

"ಅಕ್ಕಾರ, ಆ ರೊಟ್ಟಿ ಇನ್ನೂ ಅದಾವೇನ್ರಿ?"

"ಆರಿ ತಣ್ಣಗಾಗ್ಯಾವ, ತಂಗಿ."

"ನಡೀತದ್ರಿ," ಎಂದು ಕಟ್ಟೆಯ ಮೇಲೆ ಕೂತೆ.