ಷಣ್ಮುಖಪ್ಪನವರ ‘ಅ’ ಬಾಡಿಗೆಗಿಲ್ಲ

೧
ಸಾಫ್ಟ್‌ವೇರ್ ಬಗ್ಗೆ ಕಥೆ ಶುರು ಮಾಡುವುದು ಹೇಗೆ? ‘ಹೊನ್ನಾಳಿ ಬಸ್‌ಸ್ಟ್ಯಾಂಡ್ ಪಕ್ಕದ ಫ್ಲೆಕ್ಸ್ ಅಂಗಡಿಯಲ್ಲಿ ಕೂತಿದ್ದ ರುದ್ರಾಣಿಯ ಕಣ್ಣಲ್ಲಿ ನೀರಿತ್ತು’ ಎಂದು ಬರೆದೆ.

“ನಾನೆಲ್ಲಿ ಅತ್ತೀನ್ರೀ? ಸಿಟ್ಟು ಬಂದಿತ್ತು. ನನ್ನ ಅಳ್ಸೋದು ಬಿಟ್ಟು ವಿಷಯ ಹೇಳ್ರಿ,” ಎಂದಳು ರುದ್ರಾಣಿ.

ಹೊಡೆದುಹಾಕಿದೆ.

೨
ವಿಷಯ ಇಷ್ಟು. ಅವಳ ಮಾವ ಷಣ್ಮುಖಪ್ಪ ನಲವತ್ತು ವರ್ಷ ಬೋರ್ಡ್ ಬರೆದವರು. ಈಗ ಕೈ ನಡುಗುತ್ತದೆ. ಅವರು ಬರೆದ ಗೋಡೆಗಳಿಗೆಲ್ಲ ಸುಣ್ಣ ಬಿದ್ದಿದೆ. ಸುಣ್ಣ ಬೀಳುವ ಮೊದಲೇ ಆ ಅಕ್ಷರಗಳನ್ನು ಸೊಸೆ ಕಂಪ್ಯೂಟರಿನಲ್ಲಿ ಕೂಡಿಟ್ಟಿದ್ದಳು. ಆ ಸಾಫ್ಟ್‌ವೇರಿನ ಸಬ್‌ಸ್ಕ್ರಿಪ್ಷನ್ ಮುಗಿಯಿತು, ಫೈಲ್ ತೆರೆಯುತ್ತಿಲ್ಲ.

(ಸುಲಭದ ಅಂತ್ಯ: ದುಡ್ಡು ಕಟ್ಟಿದಳು. ಶುಭಂ.)

“ಕಟ್ಟಿದ್ರೆ ವರ್ಷದ್ದೇ ಕಟ್ಬೇಕಂತೆ. ಮುಂದಿನ ವರ್ಷ ಮತ್ತೆ. ನಮ್ಮ ಮಾವನ ಅಕ್ಷರ ನೋಡಾಕೆ ನಾನ್ಯಾಕ್ರೀ ಬಾಡಿಗೆ ಕೊಡ್ಲಿ?”

ಆ ಅಂತ್ಯವನ್ನೂ ಹೊಡೆದುಹಾಕಿದೆ.

೩
(ಮೂರನೇ ಡ್ರಾಫ್ಟ್. ಮೊದಲೆರಡರಲ್ಲಿ ನಾನು ತುಂಬ ಬುದ್ಧಿವಂತನಾಗಿದ್ದೆ.)

ಬೇರೆ ಸಾಫ್ಟ್‌ವೇರ್ ಹುಡುಕಿದಳು. ಒಂದರಲ್ಲಿ ಒತ್ತಕ್ಷರ ಎದ್ದು ಪಕ್ಕಕ್ಕೆ ಹೋಗಿ ಕೂತಿತು. ಇನ್ನೊಂದಕ್ಕೆ ಸದಾ ಇಂಟರ್‌ನೆಟ್ ಬೇಕು. ಕೊನೆಗೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಸಿಕ್ಕಿತು. ಎಲ್ಲೆಲ್ಲಿಯವರೋ ಸೇರಿ ಮಾಡಿ, ಯಾರು ಬೇಕಾದರೂ ಪುಕ್ಕಟೆ ಬಳಸಲಿ ಎಂದು ಬಿಟ್ಟಿದ್ದಾರೆ. ಹೀಗೂ ಕೊಡುವವರಿದ್ದಾರೆಯೇ ಎಂದು ನಾನು ದಂಗಾದೆ.

ಆದರೆ ಹಳೇ ಫೈಲ್ ಇದರಲ್ಲೂ ತೆರೆಯಲಿಲ್ಲ; ಪರದೆ ಖಾಲಿ. ಅಕ್ಷರಗಳು ಉಳಿದಿದ್ದು ಮಾವನ ತಲೆಯಲ್ಲಿ ಮಾತ್ರ.

“ಗೆರೆ ಎಳೀಬ್ಯಾಡ್ರಿ ಮಾವ. ತಿರುವು ಬರೋ ಕಡೆ ಚುಕ್ಕಿ ಇಡ್ರಿ, ಸಾಕು.”

ನಡುಗುವ ಕೈ ಮೌಸ್ ಹಿಡಿಯಿತು. ಚುಕ್ಕಿ ಜಾರಿದಾಗಲೆಲ್ಲ ಸೊಸೆ ಅವರು ಹೇಳಿದಲ್ಲಿಗೆ ಸರಿಸಿದಳು. ಚುಕ್ಕಿಗಳ ನಡುವೆ ಗೆರೆ ತಾನಾಗಿ ಬಾಗಿ ಬಂತು. ಒಂದಿಷ್ಟೂ ನಡುಕವಿಲ್ಲದ ‘ಅ’.

“ನಾವೂ ಗೋಡೆ ಮ್ಯಾಲೆ ಸೀಮೆಸುಣ್ಣದಾಗೆ ಮೊದ್ಲು ಹಿಂಗೇ ಚುಕ್ಕಿ ಇಡ್ತಿದ್ವಿ ಕಣವ್ವ! ಇದಕ್ಕೆ ಯಾರು ಹೇಳ್ಕೊಟ್ರು? ದೊಡ್ಡದು ಮಾಡು.”

ಮಾಡಿದಳು.

“ಇನ್ನೂ.”

ಒಂದು ತಿರುವೇ ಪರದೆ ತುಂಬಿತು. ಅಂಚು ಎಲ್ಲೂ ಒಡೆಯಲಿಲ್ಲ. ರುದ್ರಾಣಿ ಬೆರಳಿಟ್ಟು ತೋರಿಸಲು ಹೋದಾಗ ಮಾವ ಗದರಿದರು. “ಮುಟ್ಬ್ಯಾಡ! ಬಣ್ಣ ಹಸಿ ಐತೆ.”

ಓದುಗರೇ, ನಿಮ್ಮನ್ನು ನಗಿಸಲೆಂದೇ ಈ ಸಾಲು ಬರೆದಿದ್ದೆ. ಬರೆದ ಮೇಲೆ ನನಗೇ ಮೈ ಜುಮ್ಮೆಂದಿತು.

೪
ಅಂತ್ಯ ಒಂದು: ಕೈನಡುಕ ವಾಸಿಯಾಯಿತು. (ಸುಳ್ಳು. ಹೊಡೆದೆ.)

ಅಂತ್ಯ ಎರಡು: ಚನ್ನಗಿರಿಯಿಂದ ಜಗಳೂರಿನವರೆಗೂ ಅಂಗಡಿಗಳ ಮೇಲೆ ಅದೇ ‘ಅ’. (ಆದೀತು. ಇನ್ನೂ ಆಗಿಲ್ಲ.)

“ಯಜಮಾನ್ರೇ, ಕಥೆ ಮುಗಿಸಬೇಕು. ಕೊನೆಯದಾಗಿ ಒಂದು ಮಾತು ಹೇಳಿ,” ಎಂದೆ.

ಷಣ್ಮುಖಪ್ಪ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಕೊನೇದಾ? ಅತ್ಲಾಗೆ ಜರುಗ್ರಿ, ಬೆಳಕಿಗೆ ಅಡ್ಡ ನಿಂತೀರಿ. ನಂಗಿನ್ನೂ ‘ಆ’ ಬರಿಯಾಕೈತೆ.”